‘ಅವನ ಸ್ವಭಾವವೇ ಹಾಗೆ’ ಎನ್ನುವ ಮೊದಲು

ಶಾಲಾ ಶಿಕ್ಷಕರ ಸಭೆಯಿರಲಿ, ಧರ್ಮೋಪದೇಶ ಶಿಕ್ಷಕರ ಕೂಟವಿರಲಿ, ಹಾಸ್ಟೆಲ್ ನೋಡಿಕೊಳ್ಳುವವರ ಮಾತುಕತೆಯಿರಲಿ, ಒಂದು ವಾಕ್ಯ ತಪ್ಪದೆ ಕಿವಿಗೆ ಬೀಳುತ್ತದೆ: “ಏನು ಮಾಡುವುದು, ಅವನ ಸ್ವಭಾವವೇ ಹಾಗೆ.” ಈ ವಾಕ್ಯ ಬಂದೊಡನೆ ಚರ್ಚೆ ಮುಗಿಯುತ್ತದೆ. ಸ್ವಭಾವವೆಂದರೆ ಹುಟ್ಟಿನಿಂದ ಬಂದದ್ದು, ಯಾರಿಂದಲೂ ಬದಲಾಯಿಸಲಾಗದ್ದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಬೇರೆ ನೆರವಿಗೆ ಸಿದ್ಧವಾಗಿದೆ. ಮನಶ್ಶಾಸ್ತ್ರಜ್ಞರು ನೂರು ವರ್ಷಕ್ಕೂ ಮಿಗಿಲಾಗಿ ಈ ಗಾದೆಯನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಅವರು ಕಂಡುಕೊಂಡದ್ದು ನಮ್ಮ ಶಾಲೆ, ಚರ್ಚು, ಹಾಸ್ಟೆಲುಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗವಾಗುವಂಥದ್ದು.

ಕರಾವಳಿಯಲ್ಲಿ ಈ ವಾಕ್ಯವನ್ನು ಬಹಳವಾಗಿ ಹೇಳಿಸಿಕೊಳ್ಳುವವರು ಘಟ್ಟದ ಮೇಲಿನಿಂದ ಕೂಲಿಗೆ ಬಂದವರು ಮತ್ತು ಅವರ ಮಕ್ಕಳು. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೊರಡುತ್ತಾರೆ. ಕೆಲವರು ಗೋವಾಕ್ಕೆ, ಕೆಲವರು ಮಂಗಳೂರು, ಉಡುಪಿಗೆ. ನಮ್ಮ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುವವರು, ರಸ್ತೆ ಬದಿಯಲ್ಲಿ ಕೇಬಲ್ಲಿಗೆ ಗುಂಡಿ ತೋಡುವವರು ಇವರೇ. ಯಾವ ಜಿಲ್ಲೆಯವರಾದರೂ ನಮ್ಮ ಬಾಯಲ್ಲಿ ಅವರೆಲ್ಲ ‘ಬಿಜಾಪುರದವರು’. ಅವರ ಬಗ್ಗೆ ನಾವು ಆಡುವ ಮಾತುಗಳನ್ನು ಇಲ್ಲಿ ಪಟ್ಟಿ ಮಾಡುವ ಅಗತ್ಯವಿಲ್ಲ, ಓದುಗರಿಗೆ ಗೊತ್ತಿದೆ. ಆದುದರಿಂದ ಈ ಲೇಖನದ ಉದಾಹರಣೆಗಳನ್ನು ಅವರ ಊರಿನಿಂದಲೇ, ಅಂದರೆ ಗದಗ-ಬೆಟಗೇರಿ ಮತ್ತು ಸುತ್ತಲಿನ ತಾಲ್ಲೂಕುಗಳಿಂದ ಆಯ್ದುಕೊಂಡಿದ್ದೇವೆ.

ಭಯ ಹೇಗೆ ಕಲಿಯಲ್ಪಡುತ್ತದೆ

ಕಲಿಕೆಯ ಚರ್ಚೆ ಸಾಮಾನ್ಯವಾಗಿ ಇವಾನ್ ಪಾವ್ಲೋವ್ (1849–1936) ಅವರಿಂದ ಆರಂಭವಾಗುತ್ತದೆ. ಇವರು ರಷ್ಯಾದ ಒಬ್ಬ ಪಾದ್ರಿಯ ಮಗ. ತಾವೂ ಸೆಮಿನರಿಯಲ್ಲಿ ಓದಿ, ನಡುವೆ ಅದನ್ನು ಬಿಟ್ಟು ವಿಜ್ಞಾನಕ್ಕೆ ಹೋದವರು. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ನಾಯಿಯ ಬಾಯಲ್ಲಿ ಆಹಾರ ಇಟ್ಟಾಗ ಎಷ್ಟು ಜೊಲ್ಲು ಸುರಿಯುತ್ತದೆ ಎಂದು ಅಳೆಯುತ್ತಿದ್ದಾಗ ಅವರಿಗೊಂದು ವಿಚಿತ್ರ ಕಂಡಿತು. ಆಹಾರ ಬರುವ ಮೊದಲೇ, ಅದನ್ನು ತರುವವನ ಹೆಜ್ಜೆ ಸಪ್ಪಳಕ್ಕೇ ನಾಯಿ ಜೊಲ್ಲು ಸುರಿಸುತ್ತಿತ್ತು. ಹೆಜ್ಜೆ ಸಪ್ಪಳದಲ್ಲಿ ತಿನ್ನುವಂಥದ್ದೇನೂ ಇಲ್ಲ. ಆದರೆ ಅದು ಆಹಾರದೊಡನೆ ಮತ್ತೆ ಮತ್ತೆ ಜೊತೆಯಾಗಿ ಬಂದುದರಿಂದ ನಾಯಿಯ ಶರೀರ ಅವೆರಡನ್ನೂ ಒಂದಕ್ಕೊಂದು ಕಟ್ಟಿಕೊಂಡಿತ್ತು. ಇದಕ್ಕೆ ಶಾಸ್ತ್ರೀಯ ಅನುಬಂಧನ ಎಂದು ಹೆಸರು. (ಪಾವ್ಲೋವ್ ಎಂದರೆ ಗಂಟೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ವಾಸ್ತವದಲ್ಲಿ ಅವರು ಸಂಗೀತಗಾರರು ಲಯಕ್ಕೆ ಬಳಸುವ ಮೆಟ್ರೊನೋಮ್ ಮೊದಲಾದ ಬೇರೆ ಬೇರೆ ಸಾಧನಗಳನ್ನು ಬಳಸಿದ್ದರು.) ಶಾಲೆಯಲ್ಲಿ ಬಿಸಿಯೂಟದ ಪಾತ್ರೆಗಳ ಸದ್ದು ಕೇಳಿದೊಡನೆ ಮಕ್ಕಳ ಬಾಯಲ್ಲಿ ನೀರೂರುವುದು ಇದೇ ಬಗೆಯದು.

ಗದಗಿಗೆ ಹೋದವರು ವೀರನಾರಾಯಣ ದೇವಾಲಯದಲ್ಲಿ ಒಂದು ಕಂಬವನ್ನು ನೋಡಿರಬಹುದು. ಕುಮಾರವ್ಯಾಸ ಕವಿ ಅಲ್ಲಿನ ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಆ ಕಂಬಕ್ಕೆ ಒರಗಿ ಭಾರತ ಬರೆಯುತ್ತಿದ್ದನೆಂದೂ, ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹರಿಯುತ್ತಿತ್ತೆಂದೂ ಪ್ರತೀತಿ. ಇದು ನಡೆದದ್ದೋ ಇಲ್ಲವೋ ಎಂಬುದು ಭಕ್ತರಿಗೂ ಇತಿಹಾಸಕಾರರಿಗೂ ಬಿಟ್ಟದ್ದು. ಆದರೆ ನಿತ್ಯ ಒಂದೇ ಜಾಗ, ಒಂದೇ ಹೊತ್ತು, ಮೈಗೆ ಒಂದೇ ಸ್ಪರ್ಶ ಇದ್ದರೆ ಮನಸ್ಸು ತಾನಾಗಿ ಕೆಲಸಕ್ಕೆ ಹೊರಳುತ್ತದೆ ಎಂಬ ಜನರ ಅನುಭವ ಆ ಕಥೆಯಲ್ಲಿದೆ. ಪ್ರಾರ್ಥನೆಗೆ ನಿಶ್ಚಿತ ಸ್ಥಳ, ಸಮಯ ಇಟ್ಟುಕೊಳ್ಳಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಸುಮ್ಮನೆ ಅಲ್ಲ.

ಜೊಲ್ಲಿಗಿಂತ ಗಂಭೀರವಾದದ್ದು ಭಯ. 1920ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್ ಒಂದು ವರ್ಷವೂ ತುಂಬದ ಆಲ್ಬರ್ಟ್ ಎಂಬ ಮಗುವಿನ ಮುಂದೆ ಬಿಳಿ ಇಲಿಯನ್ನು ಬಿಟ್ಟರು. ಮಗು ಹೆದರಲಿಲ್ಲ, ಮುಟ್ಟಲು ಕೈ ಚಾಚಿತು. ಅದು ಇಲಿಯನ್ನು ಮುಟ್ಟುವಾಗ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದು ಭಾರಿ ಸದ್ದು ಮಾಡಿದರು. ಹೀಗೆ ಕೆಲವು ಸಲ ಆದ ಮೇಲೆ ಸದ್ದಿಲ್ಲದಿದ್ದರೂ ಇಲಿ ಕಂಡರೆ ಸಾಕು, ಮಗು ಅಳತೊಡಗಿತು. ಆಮೇಲೆ ಮೊಲ, ನಾಯಿ, ತುಪ್ಪಳದ ಕೋಟು, ಬಿಳಿ ಗಡ್ಡದ ಮುಖವಾಡ ಎಲ್ಲಕ್ಕೂ ಹೆದರಿತು. ಒಂದರ ಭಯ ಅದನ್ನು ಹೋಲುವ ಇತರ ವಸ್ತುಗಳಿಗೂ ಹರಡುವ ಇದಕ್ಕೆ ಸಾಮಾನ್ಯೀಕರಣ ಎನ್ನುತ್ತಾರೆ. ಮಗುವಿನ ಆ ಭಯವನ್ನು ಹೋಗಲಾಡಿಸುವ ಕೆಲಸವನ್ನು ಇಬ್ಬರೂ ಮಾಡಲಿಲ್ಲ. ಇಂಥ ಪ್ರಯೋಗಕ್ಕೆ ಇಂದು ಯಾವ ವಿಶ್ವವಿದ್ಯಾನಿಲಯವೂ ಅನುಮತಿ ಕೊಡದು, ಕೊಡಲೂಬಾರದು.

ಆದರೆ ಪ್ರಯೋಗಾಲಯದಲ್ಲಿ ನಿಷೇಧವಾದದ್ದು ನಮ್ಮ ತರಗತಿಗಳಲ್ಲಿ ಯಾರ ಅನುಮತಿಯೂ ಇಲ್ಲದೆ ನಡೆಯುತ್ತಿರುತ್ತದೆ. ಲಕ್ಷ್ಮೇಶ್ವರದ ಕಡೆಯ ಒಂದು ಹುಡುಗಿ ನಮ್ಮೂರಿನ ಐದನೇ ತರಗತಿಗೆ ಸೇರಿದಳು ಎಂದಿಟ್ಟುಕೊಳ್ಳೋಣ. ಮೊದಲ ದಿನ ಶಿಕ್ಷಕಿ ಏನೋ ಕೇಳುತ್ತಾರೆ. ಹುಡುಗಿ ಎದ್ದು ನಿಂತು ಗಟ್ಟಿಯಾಗಿ, “ನಾ ನಿನ್ನಿ ಸಾಲಿಗಿ ಬಂದಿದ್ದಿಲ್ರೀ” ಎನ್ನುತ್ತಾಳೆ. ಇಡೀ ತರಗತಿ ನಗುತ್ತದೆ. ಕೆಲವೊಮ್ಮೆ ಶಿಕ್ಷಕಿಯೂ ನಗುತ್ತಾರೆ. ಇಲ್ಲಿ ಎದ್ದು ನಿಂತು ಮಾತನಾಡುವುದೇ ಬಿಳಿ ಇಲಿ, ನಗುವೇ ಸುತ್ತಿಗೆಯ ಸದ್ದು. ನಾಲ್ಕೈದು ಸಲ ಹೀಗಾದರೆ ಹುಡುಗಿ ತುಟಿ ಬಿಚ್ಚುವುದಿಲ್ಲ. ಮೊದಲು ಕನ್ನಡದ ತರಗತಿಯಲ್ಲಿ, ಆಮೇಲೆ ಗಣಿತದಲ್ಲಿ, ಕೊನೆಗೆ ಆಟದ ಬಯಲಿನಲ್ಲಿ. ಅರ್ಧ ವರ್ಷದ ಹೊತ್ತಿಗೆ ವರದಿ ಪುಸ್ತಕದಲ್ಲಿ ‘ಅಂತರ್ಮುಖಿ, ಬೆರೆಯುವುದಿಲ್ಲ’ ಎಂದು ಬರೆಯಲಾಗುತ್ತದೆ. ಮೊದಲ ದಿನ ಗಟ್ಟಿಯಾಗಿ ಮಾತನಾಡಿದವಳು ಅವಳೇ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಅವಳ ಕನ್ನಡವನ್ನು ಕೇಳಿ ನಗುವ ಮಕ್ಕಳಿಗೆ, ದೊಡ್ಡವರಿಗೂ, ತಿಳಿಯದ ಒಂದು ವಿಷಯವಿದೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳೊಂದಿಗೆ ಪುಲಿಗೆರೆಯನ್ನೂ ಹೆಸರಿಸುತ್ತದೆ. ಆದಿಕವಿ ಪಂಪ ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದುದಾಗಿ ಹೇಳಿಕೊಂಡಿದ್ದಾನೆ. ಮನೆಯಲ್ಲಿ ಕೊಂಕಣಿ, ತುಳು, ಬ್ಯಾರಿ ಮಾತನಾಡುತ್ತ ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತ ನಾವು ಆ ಊರಿನ ಮಗುವಿನ ಕನ್ನಡವನ್ನು ತಿದ್ದಲು ಹೊರಟಿದ್ದೇವೆ!

ಭಯ ಕಲಿಯಬಹುದಾದರೆ ಅದನ್ನು ಕಳೆಯಲೂ ಬಹುದು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಯುವ ಸಂಶೋಧಕಿ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಭಯವನ್ನು ನಿವಾರಿಸಿದರು. ಪೀಟರ್ ತನಗಿಷ್ಟವಾದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ಕೋಣೆಯ ದೂರದ ಮೂಲೆಯಲ್ಲಿ ಇಟ್ಟರು. ಮುಂದಿನ ಸಲ ಸ್ವಲ್ಪ ಹತ್ತಿರ, ಅದರ ಮುಂದಿನ ಸಲ ಇನ್ನೂ ಹತ್ತಿರ. ಮೊಲಕ್ಕೆ ಹೆದರದ ಇತರ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು. ಕೊನೆಗೆ ಪೀಟರ್ ಮೊಲವನ್ನು ತಾನೇ ತಡವಿದ. ‘ಹೆದರಬೇಡ’ ಎಂಬ ಉಪದೇಶ ಅಲ್ಲಿ ಕೆಲಸ ಮಾಡಲಿಲ್ಲ. ಅಂತರವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿದ್ದು ಕೆಲಸ ಮಾಡಿತು.

ಬಹುಮಾನ, ಶಿಕ್ಷೆ ಮತ್ತು ಪುಣ್ಯಾಶ್ರಮ

ಪಾವ್ಲೋವರ ನಾಯಿ ಸುಮ್ಮನೆ ನಿಂತು ಕಲಿಯಿತು. ಆದರೆ ನಾವು ಕಲಿಯುವ ಬಹಳಷ್ಟನ್ನು ಏನಾದರೂ ಮಾಡಿ, ಅದರ ಫಲ ನೋಡಿ ಕಲಿಯುತ್ತೇವೆ. 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಅವು ತಡಕಾಡಿ ಅಗಳಿ ತೆಗೆಯಲು ಕಲಿಯುವುದನ್ನು ದಾಖಲಿಸಿದರು. ಬಿ.ಎಫ್. ಸ್ಕಿನ್ನರ್ (1904–1990) ಇದನ್ನು ವಿಸ್ತರಿಸಿ ಕ್ರಿಯಾಜನ್ಯ ಅನುಬಂಧನ ಎಂದು ಕರೆದರು. ಒಂದು ಕೆಲಸದ ಹಿಂದೆಯೇ ಹಿತವಾದ ಫಲ ಬಂದರೆ ಆ ಕೆಲಸ ಮತ್ತೆ ನಡೆಯುತ್ತದೆ. ಆ ಫಲಕ್ಕೆ ಪುನರ್ಬಲನ ಎಂದು ಹೆಸರು. ಪುನರ್ಬಲನ ಎಂದರೆ ಚಾಕಲೇಟೇ ಆಗಬೇಕಿಲ್ಲ. ಗಲಾಟೆ ಮಾಡಿದಾಗ ಮಾತ್ರ ಶಿಕ್ಷಕರು ಯಾವ ಹುಡುಗನ ಹೆಸರು ಹಿಡಿದು ಕರೆಯುತ್ತಾರೋ, ಅವನಿಗೆ ಆ ಬೈಗುಳವೇ ಪುನರ್ಬಲನ. ಮನೆಯಲ್ಲೂ ಶಾಲೆಯಲ್ಲೂ ಅವನನ್ನು ಬೇರೆ ಯಾವ ಹೊತ್ತಿನಲ್ಲೂ ಯಾರೂ ನೋಡುವುದಿಲ್ಲವಲ್ಲ!

ಸ್ಕಿನ್ನರ್ ತೋರಿಸಿದ ಇನ್ನೊಂದು ಸಂಗತಿ ಸ್ವಲ್ಪ ಆಶ್ಚರ್ಯದ್ದು. ಪ್ರತಿಸಲವೂ ಸಿಗುವ ಫಲಕ್ಕಿಂತ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಫಲ ಅಭ್ಯಾಸವನ್ನು ಬಲವಾಗಿ ಅಂಟಿಸುತ್ತದೆ. ಮಟ್ಕಾ, ಓಸಿ ಚೀಟಿಗಳು ಮನೆಗಳನ್ನು ಹಾಳು ಮಾಡಿರುವುದು ಇದೇ ಬಲದಿಂದ. ನಮ್ಮ ರಾಜ್ಯದಲ್ಲಿ ಲಾಟರಿಯನ್ನು 2007ರಲ್ಲಿ ನಿಷೇಧಿಸಲಾಯಿತು. ಹತ್ತು ಸಲ ಸೋತು ಒಮ್ಮೆ ಗೆದ್ದವನನ್ನು ಬುದ್ಧಿಮಾತಿನಿಂದ ಬಿಡಿಸಲು ಎಷ್ಟು ಕಷ್ಟವೆಂದು ಕುಟುಂಬ ಸಲಹಾ ಕೇಂದ್ರಗಳಲ್ಲಿ ದುಡಿಯುವವರಿಗೆ ಗೊತ್ತು. ಮೊಬೈಲನ್ನು ನಿಮಿಷಕ್ಕೊಮ್ಮೆ ತೆರೆದು ನೋಡುವ ನಮ್ಮ ಬೆರಳಿನದೂ ಅದೇ ಕಥೆ.

ಹೊಡೆತದ ಬಗ್ಗೆ ಸ್ಕಿನ್ನರ್ ಅವರ ಅಭಿಪ್ರಾಯ ಖಚಿತವಾಗಿತ್ತು. ಶಿಕ್ಷೆ ತಪ್ಪನ್ನು ತಾತ್ಕಾಲಿಕವಾಗಿ ಅಡಗಿಸುತ್ತದೆ, ಸರಿ ಯಾವುದೆಂದು ಕಲಿಸುವುದಿಲ್ಲ. ಅಷ್ಟೇ ಅಲ್ಲ, ಪಾವ್ಲೋವ್ ಹೇಳಿದ ರೀತಿಯಲ್ಲಿ ಬೆತ್ತದ ಭಯ ಬೆತ್ತ ಹಿಡಿದವರಿಗೂ, ಅವರ ಪಾಠಕ್ಕೂ, ಆ ಕಟ್ಟಡಕ್ಕೂ ಅಂಟಿಕೊಳ್ಳುತ್ತದೆ. ಧರ್ಮೋಪದೇಶದ ತರಗತಿಯಲ್ಲಿ ಕಿವಿ ಹಿಂಡಿಸಿಕೊಂಡ ಮಗು ಮುಂದೆ ಯಾವುದರಿಂದ ದೂರ ಸರಿಯುತ್ತದೆ ಎಂದು ನಾವು ಯೋಚಿಸಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಗೆಪಾಟಲು ಮಾಡುವುದು ಎರಡನೆಯದರಲ್ಲಿ ಬರುತ್ತದೆ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಹಾಗಾದರೆ ಕಲಿಸುವುದು ಹೇಗೆ? ಇದಕ್ಕೆ ಗದಗಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ: ವೀರೇಶ್ವರ ಪುಣ್ಯಾಶ್ರಮ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟುಗುರುಡರು, ಹಾನಗಲ್ಲ ತಾಲ್ಲೂಕಿನವರು. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಿಂದ ಸಂಗೀತ ಕಲಿತು, ಅಂಧ ಮತ್ತು ಬಡ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರನ್ನೂ ಕೊಡುವ ಸಂಸ್ಥೆಯನ್ನು ಬೆಳೆಸಿದರು. ಅವರ ನಂತರ ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ಅಂಧರೇ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಬಸವರಾಜ ರಾಜಗುರು ಅವರಂಥ ಹಿಂದೂಸ್ತಾನಿ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಬಳ್ಳಾರಿ ಸೀಮೆಯ ಜನಪದ ಹಾಡುಗಾರರ ಮಗ ಎಂ. ವೆಂಕಟೇಶ್ ಕುಮಾರ್ ಹದಿಹರೆಯದಲ್ಲಿ ಆಶ್ರಮಕ್ಕೆ ಬಂದು 12 ವರ್ಷ ಪುಟ್ಟರಾಜರ ಬಳಿ ಕಲಿತರು.

ಆ ಕಾಲದಲ್ಲಿ ಕುರುಡು ಮಗುವೆಂದರೆ ಭಿಕ್ಷೆಗೇ ಹುಟ್ಟಿದ್ದು ಎಂದು ಜನ ತೀರ್ಮಾನಿಸಿಬಿಡುತ್ತಿದ್ದರು. ಅದೂ ಒಂದು ‘ಸ್ವಭಾವ’ವೇ. ಆಶ್ರಮದ ಕಲಿಕೆಯನ್ನು ಮನಶ್ಶಾಸ್ತ್ರದ ಕಣ್ಣಿನಿಂದ ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಗುರು ಒಂದು ಸಣ್ಣ ಸ್ವರಗುಚ್ಛ ಹಾಡುತ್ತಾರೆ, ಶಿಷ್ಯ ಅದನ್ನೇ ತಿರುಗಿ ಹಾಡುತ್ತಾನೆ. ಸರಿಯಾಯಿತೋ ತಪ್ಪಾಯಿತೋ ಎಂಬುದು ಆ ಕ್ಷಣವೇ ತಿಳಿಯುತ್ತದೆ. ಮೂರು ತಿಂಗಳ ನಂತರ ಬರುವ ಅಂಕಪಟ್ಟಿಗೆ ಕಾಯಬೇಕಿಲ್ಲ. ಒಂದು ಹಿಡಿತಕ್ಕೆ ಬಂದ ಮೇಲೆ ಇನ್ನೊಂದು. ಸ್ಕಿನ್ನರ್ ಪಾರಿವಾಳಗಳಿಗೆ ಕಲಿಸುವಾಗ ಕಂಡುಕೊಂಡ ‘ಸಣ್ಣ ಹೆಜ್ಜೆ, ತಕ್ಷಣದ ಫಲ’ ಎಂಬ ತತ್ವ ಗುರುಕುಲಗಳಲ್ಲಿ ಹಿಂದಿನಿಂದಲೂ ಇತ್ತು. ಸ್ಕಿನ್ನರ್ ಅವರ ಲೆಕ್ಕದಲ್ಲಿ ಇಲ್ಲದ್ದೂ ಅಲ್ಲಿತ್ತು. ಎದುರಿಗೆ ಕುಳಿತ ಗುರುವೇ ಅಂಧ. ಕಣ್ಣಿಲ್ಲದವನು ಏನಾಗಬಲ್ಲ ಎಂಬ ಪ್ರಶ್ನೆಗೆ ಮಗು ಪುಸ್ತಕದಲ್ಲಿ ಉತ್ತರ ಹುಡುಕಬೇಕಾಗಿರಲಿಲ್ಲ.

ಇಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅವರನ್ನು ನೆನೆಯಬೇಕು. 1967ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳು ಮುಂದೆ ದಾರಿ ತೆರೆದಿದ್ದರೂ ಹೊರಗೆ ಜಿಗಿಯದೆ ಮಲಗಿಬಿಟ್ಟವು. ಇದನ್ನು ‘ಕಲಿತ ಅಸಹಾಯಕತೆ’ ಎಂದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅವರಿಬ್ಬರೂ ತಮ್ಮ ವಿವರಣೆಯನ್ನೇ ತಿರುಗಿಸಿ ಹಾಕಿದರು. ದೀರ್ಘ ಕಷ್ಟದ ಮುಂದೆ ಸುಮ್ಮನಾಗುವುದು ಮಿದುಳಿನ ಸಹಜ ಪ್ರತಿಕ್ರಿಯೆ. ‘ನಾನು ಮಾಡಿದರೆ ಏನಾದರೂ ಬದಲಾಗುತ್ತದೆ’ ಎಂಬುದೇ ಕಲಿಯಬೇಕಾದ ಪಾಠ ಎಂದರು. ಮಳೆ, ಸಾಲ, ಗುತ್ತಿಗೆದಾರ ಯಾವುದೂ ತಮ್ಮ ಕೈಯಲ್ಲಿಲ್ಲದ ಮನೆಯಿಂದ ಬಂದ ಮಗು ತರಗತಿಯ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತರೆ ಅದನ್ನು ಸೋಮಾರಿತನ ಎಂದು ಕರೆಯುವ ಮೊದಲು ಈ ಮಾತನ್ನು ನೆನೆದರೆ ಒಳ್ಳೆಯದು.

ನೋಡಿ ಕಲಿಯುವುದು

ಫಲ ಸಿಗದಿದ್ದರೂ ಕಲಿಕೆ ನಡೆಯುತ್ತದೆಯೇ? ನಡೆಯುತ್ತದೆ. ಎಡ್ವರ್ಡ್ ಟೋಲ್ಮನ್ 1930ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಇಲಿಗಳನ್ನು ಚಕ್ರವ್ಯೂಹದಂಥ ದಾರಿಯಲ್ಲಿ ಯಾವ ಆಹಾರವೂ ಇಲ್ಲದೆ ದಿನಗಟ್ಟಲೆ ಓಡಾಡಲು ಬಿಟ್ಟರು. ಏನೂ ಕಲಿತಂತೆ ಕಾಣಲಿಲ್ಲ. ಆದರೆ ಆಹಾರ ಇಟ್ಟೊಡನೆ ಅವು ಮೊದಲಿನಿಂದಲೂ ಬಹುಮಾನ ಪಡೆಯುತ್ತಿದ್ದ ಇಲಿಗಳಷ್ಟೇ ಚೆನ್ನಾಗಿ ಗುರಿ ಮುಟ್ಟಿದವು. ದಾರಿಯ ನಕ್ಷೆ ಅವುಗಳ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು. ಕಲಿತದ್ದು ಬೇರೆ, ಕಲಿತದ್ದನ್ನು ತೋರಿಸುವುದು ಬೇರೆ. ಮಾತನಾಡದ ನಮ್ಮ ಲಕ್ಷ್ಮೇಶ್ವರದ ಹುಡುಗಿ ಏನೂ ಕಲಿಯುತ್ತಿಲ್ಲ ಎಂದು ಯಾರು ಹೇಳಿದರು?

ಆಲ್ಬರ್ಟ್ ಬಂಡೂರ (1925–2021) ಮನುಷ್ಯರ ಮಟ್ಟಿಗೆ ಇದನ್ನು ಇನ್ನೂ ಸ್ಪಷ್ಟಪಡಿಸಿದರು. 1961ರ ಅವರ ಪ್ರಯೋಗದಲ್ಲಿ ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆದು, ಬಡಿದು, ಬೈಯುವುದನ್ನು ಪುಟ್ಟ ಮಕ್ಕಳು ನೋಡಿದರು. ಯಾರೂ ಹೇಳಿಕೊಡದಿದ್ದರೂ, ಯಾವ ಬಹುಮಾನ ಇಲ್ಲದಿದ್ದರೂ, ಆ ಮಕ್ಕಳು ಅದೇ ಹೊಡೆತ, ಅದೇ ಬೈಗುಳಗಳನ್ನು ಮರುಕಳಿಸಿದರು. ಬೆಟಗೇರಿಯ ನೇಕಾರರ ಕೇರಿಯಲ್ಲಿ ಇದೇ ನಿಯಮ ಒಳ್ಳೆಯ ದಿಕ್ಕಿನಲ್ಲಿ ಕೆಲಸ ಮಾಡಿದೆ. ಮಗ್ಗದ ಸದ್ದಿನಲ್ಲಿ ಬೆಳೆದ ಮಗು ಮೊದಲು ನೋಡುತ್ತದೆ, ಆಮೇಲೆ ಕಂಡಿಕೆ ಸುತ್ತುತ್ತದೆ, ಎಳೆ ಕಡಿದರೆ ಕಟ್ಟುವುದನ್ನು ಕಲಿಯುತ್ತದೆ, ಕಾಲು ಎಟುಕಿದ ಮೇಲೆ ಮಗ್ಗಕ್ಕೆ ಕೂರುತ್ತದೆ. ಯಾವ ದಿನ ನೇಕಾರನಾದೆ ಎಂದು ಕೇಳಿದರೆ ಹೇಳಲು ಅವನಿಗೇ ಬಾರದು. ಇನ್ನೊಬ್ಬರ ನೆರವಿನಿಂದ ಇಂದು ಮಾಡಬಲ್ಲದ್ದನ್ನು ಮಗು ನಾಳೆ ತಾನೇ ಮಾಡಬಲ್ಲದು ಎಂದು ರಷ್ಯಾದ ವೈಗಾಟ್‌ಸ್ಕಿ ಹೇಳಿದ್ದು ಇಂಥ ಕಲಿಕೆಯನ್ನೇ.

ಹುಟ್ಟರಿವು ಎಂದು ನಾವು ತಿಳಿದದ್ದರಲ್ಲೂ ಕಲಿಕೆ ಸೇರಿರುತ್ತದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. 2024ರಲ್ಲಿ ಈ ಕೆರೆ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ವಲಸೆಯ ತುಡಿತ ಬಾತುಗಳಿಗೆ ಹುಟ್ಟಿನಿಂದ ಬಂದದ್ದು. ಆದರೆ ಇಂಥ ದೊಡ್ಡ ಬಾತುಗಳಲ್ಲಿ ಮರಿಗಳು ಮೊದಲ ಪ್ರಯಾಣವನ್ನು ಹಿರಿಯರ ಜೊತೆಗೇ ಮಾಡಿ ದಾರಿಯನ್ನೂ ತಂಗುದಾಣವನ್ನೂ ಅವರಿಂದ ಕಲಿಯುತ್ತವೆ. ಹುಟ್ಟು ಮತ್ತು ಕಲಿಕೆ ಎರಡರಲ್ಲಿ ಯಾವುದು ಎಂದು ಕೇಳುವ ಪ್ರಶ್ನೆಯೇ ಅಷ್ಟು ಸರಿಯಲ್ಲ ಎಂದು ಕೆರೆಯ ದಂಡೆಯಲ್ಲಿ ನಿಂತರೆ ತಿಳಿಯುತ್ತದೆ.

ವ್ಯಕ್ತಿತ್ವ ಎಂಬುದು

ಹಾಗೆಂದು ಮನುಷ್ಯ ಪೂರ್ತಿ ಖಾಲಿ ಹಲಗೆ, ಏನು ಬರೆದರೆ ಅದು ಎಂದು ಹೇಳಿದರೆ ಅದೂ ತಪ್ಪಾಗುತ್ತದೆ. ವಾಟ್ಸನ್ ಹಾಗೆ ನಂಬಿದ್ದರು. ಇಂದು ಯಾರೂ ನಂಬುವುದಿಲ್ಲ. ಒಂದೇ ಮನೆಯಲ್ಲಿ ಬೆಳೆದ ಇಬ್ಬರು ಮಕ್ಕಳು ಎಷ್ಟು ಬೇರೆ ಇರುತ್ತಾರೆಂದು ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ವ್ಯಕ್ತಿತ್ವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ನೂರಕ್ಕೆ 40ರಿಂದ 50 ಭಾಗ ವಂಶವಾಹಿಗಳಿಗೆ ಸಂಬಂಧಿಸಿದ್ದು. ಉಳಿದ ಅರ್ಧಕ್ಕೂ ಮಿಕ್ಕಿದ್ದು ಬದುಕಿನದು.

ವ್ಯಕ್ತಿತ್ವವನ್ನು ಅಳೆಯಲು ಹೊರಟವರಲ್ಲಿ ಗಾರ್ಡನ್ ಆಲ್‌ಪೋರ್ಟ್ (1897–1967) ಮುಖ್ಯರು. 1936ರಲ್ಲಿ ಅವರು ಹೆನ್ರಿ ಓಡ್‌ಬರ್ಟ್ ಜೊತೆ ಒಂದು ದೊಡ್ಡ ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರನ್ನು ವರ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಮುಂದಿನವರು ಅವನ್ನು ಸೋಸಿ ಸೋಸಿ ಐದು ದೊಡ್ಡ ಆಯಾಮಗಳಿಗೆ ಇಳಿಸಿದರು. ಹೊಸತಿಗೆ ತೆರೆದುಕೊಳ್ಳುವಿಕೆ, ಅಚ್ಚುಕಟ್ಟುತನ, ಬಹಿರ್ಮುಖತೆ, ಹೊಂದಾಣಿಕೆ, ಭಾವನೆಗಳ ಅಸ್ಥಿರತೆ ಇವೇ ಆ ಐದು. ಪ್ರತಿಯೊಬ್ಬರೂ ಪ್ರತಿಯೊಂದರಲ್ಲೂ ಎಲ್ಲೋ ಒಂದು ಮಟ್ಟದಲ್ಲಿ ಇರುತ್ತಾರೆ. ನಮ್ಮ ಧ್ಯಾನಕೂಟಗಳಲ್ಲಿ ಬಹಳ ಪ್ರಚಾರದಲ್ಲಿರುವ ಎನ್ನಿಯಾಗ್ರಾಮ್‌ನಂತೆ ಜನರನ್ನು ಒಂಬತ್ತು ಗೂಡುಗಳಲ್ಲಿ ಕೂರಿಸುವ ಪದ್ಧತಿಗಳಿಗೆ ವೈಜ್ಞಾನಿಕ ಆಧಾರ ದುರ್ಬಲ. ಆತ್ಮಪರಿಶೀಲನೆಗೆ ಒಂದು ನೆಪವಾಗಿ ಅದು ಇರಲಿ. ‘ನೀನು ಆರನೇ ನಂಬರಿನವನು, ಆದ್ದರಿಂದ ಹೀಗೆ’ ಎಂದು ಇನ್ನೊಬ್ಬರಿಗೆ ತೀರ್ಪು ಕೊಡಲು ಬಳಸುವುದು ಬೇಡ.

1968ರಲ್ಲಿ ವಾಲ್ಟರ್ ಮಿಶೆಲ್ ಇನ್ನೊಂದು ಪ್ರಶ್ನೆ ಎತ್ತಿದರು. ಒಬ್ಬನೇ ಮನುಷ್ಯ ಒಂದು ಸನ್ನಿವೇಶದಲ್ಲಿ ಪ್ರಾಮಾಣಿಕ, ಇನ್ನೊಂದರಲ್ಲಿ ಅಲ್ಲ. ಒಂದು ಕಡೆ ಮಾತುಗಾರ, ಇನ್ನೊಂದು ಕಡೆ ಮೌನಿ. ಹಾಗಾದರೆ ಗುಣ ಎಲ್ಲಿದೆ, ಮನುಷ್ಯನಲ್ಲೋ ಸನ್ನಿವೇಶದಲ್ಲೋ? ಇಂದಿನ ಉತ್ತರ ಎರಡರಲ್ಲೂ ಎಂಬುದು. ಆದರೆ ನಾವು ಲೆಕ್ಕ ಹಾಕುವ ರೀತಿಯಲ್ಲಿ ಒಂದು ವಕ್ರತೆ ಇದೆ. 1977ರಲ್ಲಿ ಲೀ ರಾಸ್ ಅದಕ್ಕೆ ಹೆಸರಿಟ್ಟರು. ಇತರರ ನಡತೆಗೆ ಕಾರಣ ಹುಡುಕುವಾಗ ನಾವು ಅವರ ಸ್ವಭಾವಕ್ಕೆ ಹೆಚ್ಚು ತೂಕ ಕೊಡುತ್ತೇವೆ, ಅವರ ಪರಿಸ್ಥಿತಿಗೆ ಕಡಿಮೆ. ನಾವು ತಡವಾಗಿ ಬಂದರೆ ಬಸ್ಸು ತಡ. ಮುಂಡರಗಿಯ ಕೂಲಿಯವ ತಡವಾಗಿ ಬಂದರೆ ಅವನ ಜಾಯಮಾನವೇ ಅದು.

ಗದಗ ಸೀಮೆಯ ಒಬ್ಬ ಹುಡುಗನ ಕಥೆಯನ್ನು ಇಲ್ಲಿ ಹೇಳಬಹುದು. ಮಾಸ್ತರರ ಮಗ. ಬೀದಿಯಲ್ಲಿ ಭಜನೆಯ ಮೆರವಣಿಗೆ ಹೊರಟರೆ ಹಿಂದೆಯೇ ಹೋಗಿಬಿಡುತ್ತಿದ್ದ, ದಣಿದು ಎಲ್ಲೋ ಮಲಗಿರುತ್ತಿದ್ದ. ಹುಡುಕಿ ಸಾಕಾದ ತಂದೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದ್ದರಂತೆ. 1933ರಲ್ಲಿ, 11ನೇ ವಯಸ್ಸಿನಲ್ಲಿ, ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯಿಂದ ಪ್ರೇರಿತನಾಗಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದ. ನಮ್ಮ ಶಾಲೆಯ ವರದಿ ಪುಸ್ತಕದಲ್ಲಿ ಅವನ ಸ್ವಭಾವವನ್ನು ಏನೆಂದು ಬರೆಯುತ್ತಿದ್ದೆವು? ಆ ಹುಡುಗ ಭೀಮಸೇನ ಜೋಶಿ. 2008ರಲ್ಲಿ ಭಾರತರತ್ನ ಪಡೆದವರು. ಓಡಿಹೋದ ಮಕ್ಕಳೆಲ್ಲ ಭೀಮಸೇನರಾಗುತ್ತಾರೆ ಎಂದಲ್ಲ. ಅಂಗಿಯ ಮೇಲೆ ಹೆಸರು ಬರೆದ ತಂದೆ ‘ತುಂಟ’ ಎಂದು ಬರೆಯಲಿಲ್ಲ ಎಂಬುದಷ್ಟೇ ನಮಗೆ ಮುಖ್ಯ.

ಹಣೆಪಟ್ಟಿ ಹಚ್ಚುವುದರ ಪರಿಣಾಮವನ್ನು ರಾಬರ್ಟ್ ರೋಸೆಂಥಾಲ್ ಮತ್ತು ಲೆನೊರ್ ಜೇಕಬ್‌ಸನ್ 1968ರ ಪುಸ್ತಕದಲ್ಲಿ ತೋರಿಸಿದರು. ಕೆಲವು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, ‘ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ’ ಎಂದು ಶಿಕ್ಷಕರಿಗೆ ಹೇಳಲಾಯಿತು. ವರ್ಷದ ಕೊನೆಗೆ ಸಣ್ಣ ತರಗತಿಗಳಲ್ಲಿ ಅಂಥ ಮಕ್ಕಳು ನಿಜವಾಗಿಯೂ ಮುಂದಿದ್ದರು. ಈ ಪ್ರಯೋಗದ ಮೇಲೆ ಬಹಳ ಟೀಕೆಗಳು ಬಂದಿವೆ. ನಂತರದ ಅಧ್ಯಯನಗಳಲ್ಲಿ ಪರಿಣಾಮ ಚಿಕ್ಕದೆಂದು ಕಂಡಿದೆ. ಆದರೆ ಹಿಂದುಳಿದ ಗುಂಪಿನ ಮಕ್ಕಳ ಮೇಲೆ ಶಿಕ್ಷಕರ ನಿರೀಕ್ಷೆಯ ಪ್ರಭಾವ ಇತರರಿಗಿಂತ ಹೆಚ್ಚು ಎಂದು ಹೇಳುವ ಅಧ್ಯಯನಗಳೂ ಇವೆ.

ಆಲ್‌ಪೋರ್ಟ್ ಅವರಿಗೆ ಮತ್ತೆ ಬರೋಣ. 1954ರಲ್ಲಿ ಅವರು ಪೂರ್ವಗ್ರಹದ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದರು. ಬೇರೆ ಬೇರೆ ಗುಂಪಿನ ಜನ ಒಟ್ಟಿಗೆ ಒಡನಾಡಿದರೆ ಪೂರ್ವಗ್ರಹ ಕಡಿಮೆಯಾಗುತ್ತದೆ, ಆದರೆ ಅದಕ್ಕೆ ಷರತ್ತುಗಳಿವೆ ಎಂದರು. ಆ ಒಡನಾಟದಲ್ಲಿ ಇಬ್ಬರದೂ ಸಮಾನ ಸ್ಥಾನವಾಗಿರಬೇಕು, ಒಂದೇ ಗುರಿಗೆ ಕೂಡಿ ದುಡಿಯಬೇಕು, ಹಿರಿಯರ ಒಪ್ಪಿಗೆ ಇರಬೇಕು. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಫಕೀರನಿದ್ದಾನೆ. ಅಲ್ಲಿ ಹಿಂದೂ, ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇವಾಲಯವೂ ದೂದಪೀರಾ ದರ್ಗಾವೂ ಇವೆ. ಇಂಥ ಊರಿನ ಜಾತ್ರೆಯಲ್ಲಿ ತಂದೆಯ ಹೆಗಲ ಮೇಲೆ ಕುಳಿತು ಎಲ್ಲರನ್ನೂ ನೋಡಿ ಬೆಳೆದ ಮಗು, ಯಾರನ್ನು ಕಂಡರೆ ಬೆಚ್ಚಬೇಕು, ಯಾರನ್ನು ಕಂಡರೆ ಬೆಚ್ಚಬೇಕಾಗಿಲ್ಲ ಎಂಬುದನ್ನು ಉಪದೇಶವಿಲ್ಲದೆ ಕಲಿಯುತ್ತದೆ.

ನಮ್ಮಲ್ಲಿ ಒಡನಾಟಕ್ಕೆ ಕೊರತೆಯಿಲ್ಲ. ಗದಗ ಕಡೆಯವರು ದಿನವೂ ನಮ್ಮ ಅಂಗಳಕ್ಕೆ ಬರುತ್ತಾರೆ. ಆದರೆ ಅವರು ಕೂಲಿ, ನಾವು ಧಣಿ. ಆಲ್‌ಪೋರ್ಟ್ ಹೇಳಿದ ಮೊದಲ ಷರತ್ತೇ ಅಲ್ಲಿ ಮುರಿದಿದೆ. ಅಂಥ ಒಡನಾಟ ಎಷ್ಟು ವರ್ಷ ನಡೆದರೂ ಪೂರ್ವಗ್ರಹವನ್ನು ಕರಗಿಸುವ ಬದಲು ಗಟ್ಟಿ ಮಾಡಬಹುದು. ಸಮಾನ ಸ್ಥಾನ ಸಿಗಬಹುದಾದ ಜಾಗಗಳು ನಮ್ಮಲ್ಲಿ ಕೆಲವೇ ಇವೆ: ಶಾಲೆಯ ಬೆಂಚು, ಆಟದ ತಂಡ, ಹಾಸ್ಟೆಲಿನ ಊಟದ ಪಂಕ್ತಿ, ಚರ್ಚಿನ ಬೇಸಿಗೆ ಶಿಬಿರ. ಶಿಬಿರಗಳಿಗೆ ನಾವು ಕೂಲಿಗಳ ಮಕ್ಕಳನ್ನು ಕರೆಯುವುದು ಸಾಮಾನ್ಯವಾಗಿ ಕೊನೆಯ ದಿನ, ಹಳೆ ಬಟ್ಟೆ ಹಂಚಲು. ಮೊದಲ ದಿನ, ತಂಡ ಮಾಡುವಾಗಲೇ ಕರೆದರೆ ಏನಾಗುತ್ತದೆ ಎಂದು ಪಾಲನಾ ಸಮಿತಿಗಳು ಈ ಬೇಸಿಗೆಯಲ್ಲಿ ನೋಡಬಹುದು.

ತರಗತಿಯಲ್ಲಿ ಮಾಡಬಹುದಾದದ್ದು ಮೇರಿ ಜೋನ್ಸ್ ಅವರ ಮೊಲದ ದಾರಿ. ಮಾತು ಬಿಟ್ಟ ಮಗುವನ್ನು ಮೊದಲ ದಿನವೇ ಎಬ್ಬಿಸಿ ನಿಲ್ಲಿಸುವುದು ಬೇಡ. ಮೊದಲು ಪಕ್ಕದ ಒಬ್ಬ ಗೆಳತಿಗೆ ಪಾಠದ ನಾಲ್ಕು ಸಾಲು ಓದಿ ಹೇಳಲಿ. ಮುಂದಿನ ವಾರ ನಾಲ್ವರ ಗುಂಪಿನಲ್ಲಿ, ತನ್ನೂರಿನ ಬಗ್ಗೆ, ತನ್ನ ಮಾತಿನಲ್ಲೇ ಹೇಳಲಿ. ಹಿಂಗಾರಿ ಜೋಳ ಯಾವಾಗ ಬಿತ್ತುತ್ತಾರೆ, ಎರೆ ಹೊಲಕ್ಕೂ ಮಸಾರಿಗೂ ಏನು ವ್ಯತ್ಯಾಸ ಎಂಬುದು ತರಗತಿಯಲ್ಲಿ ಅವಳೊಬ್ಬಳಿಗೇ ಗೊತ್ತಿರುವ ವಿದ್ಯೆ. ಆಮೇಲೆ ಬೆಂಚಿನಲ್ಲಿ ಕುಳಿತೇ ಇಡೀ ತರಗತಿಗೆ, ಆಮೇಲೆ ಎದ್ದು ನಿಂತು. ನಗುವ ಮಕ್ಕಳನ್ನು ಬೈಯುವುದಕ್ಕಿಂತ, ಶಿಕ್ಷಕಿ ತಾವೇ ಒಮ್ಮೆ ‘ಸಾಲಿ’ ಎಂಬ ಪದವನ್ನು ನಗದೆ ಬಳಸಿದರೆ ಬಂಡೂರ ಹೇಳಿದ ಪಾಠ ತಾನಾಗಿ ನಡೆಯುತ್ತದೆ. ಸುಗ್ಗಿ ಮುಗಿಸಿ ಗುಳೆ ಬಂದ ಕುಟುಂಬಗಳು ಮುಂಗಾರಿನ ಬಿತ್ತನೆಗೆ ಊರಿಗೆ ಹಿಂದಿರುಗುತ್ತವೆ. ಅದಕ್ಕೆ ಮುಂಚೆ ನಮ್ಮ ಕೈಯಲ್ಲಿರುವುದು ನಾಲ್ಕೈದು ತಿಂಗಳು ಮಾತ್ರ.